ಅವನು ಹೇಳಿದ್ದು ನನಗೂ ಕೇಳಿಸಿತ್ತು

ನಾನು ಒಂದು ಡಮ್ಮಿ. ದಪ್ಪ ಕ್ಯಾನ್ವಾಸಿನ ಚೀಲಕ್ಕೆ ಹತ್ತಿಯ ಚಿಂದಿ ತುಂಬಿ, ಆಳೆತ್ತರಕ್ಕೆ ಹೊಲಿದು, ಓಹಿಯೋದ ಒಂದು ಸಣ್ಣ ಊರಿನ ಹೈಸ್ಕೂಲಿಗೆ ನನ್ನನ್ನು ಕಳಿಸಿದರು. ಅಮೆರಿಕದವರ ಫುಟ್‌ಬಾಲಿನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ. ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. ಹಾಗೆ ಕೆಡವುವುದನ್ನು ಕಲಿಯಲು ನಾನು. ಬೀಳುವುದೇ ನನ್ನ ಕೆಲಸ.

ವಾರೆನ್ ಪ್ರೂಯಿಟ್ ಬೀಳಿಸಿದಷ್ಟು ನನ್ನನ್ನು ಯಾರೂ ಬೀಳಿಸಲಿಲ್ಲ. ಉಕ್ಕಿನ ಕಾರ್ಖಾನೆಯ ಕೆಲಸಗಾರನ ಮಗ. ಹೆಲ್ಮೆಟ್ ಹಾಕಿದ ತಲೆ ತಗ್ಗಿಸಿ ಗೂಳಿಯ ಹಾಗೆ ನುಗ್ಗುತ್ತಿದ್ದ. ಒಂದು ಸಂಜೆ, ಎಲ್ಲರೂ ಹೋದ ಮೇಲೆ, ಒಬ್ಬನೇ ನುಗ್ಗಿದವನು ಕೂಡಲೇ ಏಳಲಿಲ್ಲ. ಕುತ್ತಿಗೆಯಿಂದ ಬೆರಳ ತುದಿಯವರೆಗೆ ಎಡಗೈ ಜೋಮು ಹಿಡಿದಿತ್ತು. ಅದಕ್ಕೆ ಜೀವ ಬರುವವರೆಗೆ ನನಗೆ ಒರಗಿ ಕೂತಿದ್ದ. ಯಾರಿಗೂ ಹೇಳಲಿಲ್ಲ.

ಆಮೇಲೆ ಕಾಲೇಜು, ದೊಡ್ಡ ತಂಡಗಳಲ್ಲಿ ಏಳು ವರ್ಷ. ಭುಜ ಮುರಿದು ಆಟ ಮುಗಿದಾಗ ಅದೇ ಹೈಸ್ಕೂಲಿಗೆ ಕೋಚ್ ಆಗಿ ಬಂದರು. ಈಗ ಬಹುವಚನದಲ್ಲೇ ಹೇಳಬೇಕು, ಊರಿಡೀ ಹಾಗೇ ಹೇಳುತ್ತಿತ್ತು. ತಾವು ಕಲಿತದ್ದನ್ನೇ ಕಲಿಸಿದರು: "ತಲೆ ತಗ್ಗಿಸು, ನುಗ್ಗು!" ನುಗ್ಗಿದವರಿಗೆಲ್ಲ ನಾನು ಮೆತ್ತಗೆ ಬಾಗಿಕೊಟ್ಟೆ. ಎದುರಿನ ಮನುಷ್ಯ ಹಾಗೆ ಬಾಗುವುದಿಲ್ಲ ಎಂಬುದನ್ನು ನನ್ನಿಂದ ಯಾರೂ ಕಲಿಯಲಿಲ್ಲ.

ಡೇಲ್ ಹಾಸ್ಕಿನ್ಸ್ ಎಂಬ ಆಟಗಾರನಿದ್ದ, ಮನೆಮನೆಗೆ ಅಂಚೆ ಹಂಚುವ ತಾಯಿಯ ಒಬ್ಬನೇ ಮಗ. ಒಂದು ಗುರುವಾರ ನನ್ನನ್ನು ಕೆಡವಿ, ಕೈ ಕೊಡವುತ್ತ ಎದ್ದ.

"ಕೋಚ್, ಕುತ್ತಿಗೆಯಿಂದ ಬೆಂಕಿ ಇಳಿದ ಹಾಗಾಯ್ತು. ಕೈ ಇದೆಯೋ ಇಲ್ಲವೋ ಗೊತ್ತೇ ಆಗ್ತಿಲ್ಲ."

ಕೋಚ್ ಒಂದು ಗಳಿಗೆ ನನ್ನ ಕಡೆ ನೋಡಿದರು. "ನನಗೂ ಹೀಗೇ ಆಗಿತ್ತು. ತಾನಾಗೇ ಹೋಗುತ್ತೆ. ನಾಳೆ ಮ್ಯಾಚಿದೆ, ಇನ್ನೊಂದು ಸಲ ನುಗ್ಗು."

ನುಗ್ಗಿದ. ನಾನು ಬಿದ್ದೆ.

ಮರುದಿನ ಮ್ಯಾಚಿನಲ್ಲಿ ಹಾಗೇ ನುಗ್ಗಿ ಅವನ ಕುತ್ತಿಗೆಯ ಮೂಳೆ ಮುರಿಯಿತು. ಕಾಲುಗಳು ಮತ್ತೆ ಅಲ್ಲಾಡಲಿಲ್ಲ.

ಐದು ತಿಂಗಳ ಮೇಲೆ ತಾಯಿ ಅವನನ್ನು ಗಾಲಿಕುರ್ಚಿಯಲ್ಲಿ ಮೈದಾನಕ್ಕೆ ಕರೆತಂದರು. ಕೋಚ್ ಆಟಗಾರರನ್ನೆಲ್ಲ ಕರೆದು ನಿಲ್ಲಿಸಿದರು.

"ಮ್ಯಾಚಿನ ಹಿಂದಿನ ದಿನವೇ ಇವನು ನನಗೆ ಹೇಳಿದ್ದ. ಅದೇನು ಅಂತ ನನಗೆ ಗೊತ್ತಿತ್ತು. ಆದರೂ ಆಡಿಸಿದೆ. ಈ ಕೆಲಸ ಬಿಡ್ತಾ ಇದ್ದೀನಿ."

"ಬಿಟ್ಟು ಎಲ್ಲಿಗೆ ಹೋಗ್ತೀರಿ, ಕೋಚ್?" ಎಂದ ಡೇಲ್. "ನನಗೆ ಕಲಿಸಿದ್ದನ್ನೇ ಇವರಿಗೂ ಕಲಿಸಿದ್ದೀರಿ. ಮೊದಲು ಅದನ್ನ ಬಿಡಿಸಿ."

ಕೋಚ್ ತಾಯಿಯ ಕಡೆ ಕೈ ಚಾಚಿದರು. ಆ ತಾಯಿ ಅದನ್ನು ಹಿಡಿಯಲಿಲ್ಲ.

ಆಮೇಲೆ ಹನ್ನೆರಡು ವರ್ಷ ಕೋಚ್ ಅಲ್ಲೇ ಇದ್ದು, ತಲೆ ಎತ್ತಿ ಭುಜದಿಂದ ಕೆಡವುವುದನ್ನು ಕಲಿಸಿದರು. ಜೋಮು ಎಂದವನನ್ನು ಆ ಕ್ಷಣವೇ ಡಾಕ್ಟರ ಹತ್ತಿರ ಕಳಿಸುತ್ತಿದ್ದರು. ತಂಡ ಸೋಲತೊಡಗಿತು, ಊರು ಗೊಣಗಿತು. ಅವರು ಕಲಿಸುವ ರೀತಿ ಬದಲಿಸಲಿಲ್ಲ.

ಈಗ ನನ್ನ ಹೊಲಿಗೆ ಬಿಟ್ಟಿದೆ. ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಶೆಡ್ಡಿನ ಮೂಲೆಯಲ್ಲಿದ್ದೇನೆ. ಆ ಗುರುವಾರ ಡೇಲ್‌ನನ್ನು ತಡೆಯಲು ನನಗೆ ಬಾಯಿರಲಿಲ್ಲ, ನಿಜ. ಆ ನೆಪ ನನಗೆ ಸಮಾಧಾನ ಕೊಟ್ಟಿಲ್ಲ. ಹಲಗೆಯ ಸಂದಿನಿಂದ ಮೈದಾನದ ಸದ್ದು ಕೇಳುತ್ತದೆ. ಯಾರೋ ದೊಪ್ಪನೆ ಬೀಳುತ್ತಾರೆ. ಅವರು ಎದ್ದು ಓಡುವ ಸದ್ದು ಬರುವವರೆಗೆ ಕಾಯುತ್ತೇನೆ.