ಹೊಟ್ಟೆ ಕಡೆಯಿಂದಲೋ ಬೆನ್ನ ಕಡೆಯಿಂದಲೋ

ಪರದೆಯ ಮೇಲೆ ಬೂದು ಬಣ್ಣದ್ದು ಕಾಣುತ್ತಿದೆಯಲ್ಲ, ಅದೇ ನನ್ನ ಕಿಡ್ನಿಯಂತೆ, ಅದರ ಹಿಂಬದಿಗೆ ನೆಲ್ಲಿಕಾಯಷ್ಟು ಗಡ್ಡೆ, ನೋಡ್ರಿ ಹುಲಿಗೆಮ್ಮ, ಇಲ್ಲೈತೆ, ಅನ್ನುತ್ತಾರೆ ಡಾಕ್ಟರ್ ಮೇಡಂ, ನೋಡುತ್ತಲೇ ಇದ್ದೇನೆ, ಯಾವುದು ಹಿಂದೆ ಯಾವುದು ಮುಂದೆ ಒಂದೂ ತಿಳಿಯದು — ಹೋದ ವಾರ ತೋರಿಸಿದ ಡಾಕ್ಟರು ಆಪರೇಶನ್ನಿಗೆ ಹೊಟ್ಟೆ ಕಡೆಯಿಂದ ಹೋಗಾಣ ಅಂದರು, ಅಲ್ಲಿ ಜಾಗ ಅಗಲ, ರೋಬೋಟಿನ ಕೈ ಸಲೀಸಾಗಿ ಆಡ್ತೈತೆ, ಈ ಮೇಡಂ ಬೆನ್ನ ಕಡೆಯಿಂದ ಅನ್ನುತ್ತಾರೆ, ಜಾಗ ಇಕ್ಕಟ್ಟು, ಆದ್ರೆ ಗಡ್ಡೆ ನೇರ ಸಿಗ್ತೈತೆ, ಕರುಳು ಸರಿಸೋ ಕೆಲಸ ಇಲ್ಲ, ಎರಡೂ ಸರಿಯಂತೆ, ಎರಡೂ ಸರಿಯಾದರೆ ನನ್ನನ್ನೇಕೆ ಕೇಳುತ್ತಾರೆ, ಆದಿವಾಲದ ಅಂಗನವಾಡಿಯಲ್ಲಿ ಮಕ್ಕಳಿಗೆ ಅನ್ನ ಬಡಿಸುವವಳು ನಾನು, ರೋಬೋಟೇ ಕೊಯ್ತೈತಾ ಮೇಡಂ, ಇಲ್ಲಮ್ಮ, ಅದರ ಕೈ ಆಡ್ಸೋಳು ನಾನೇ, ಗಡ್ಡೆ ಅಷ್ಟೇ ತೆಗಿಯೋದು, ಉಳಿದಿದ್ದನ್ನ ಉಳಿಸ್ಲೇಬೇಕು, ನಿಮಗಿರೋದೇ ಒಂದಲ್ವಾ — ಒಂದೇ, ಹೌದು, ಇನ್ನೊಂದು ಪಕ್ಕದ ಕುರ್ಚಿಯಲ್ಲಿ ಕುಳಿತಿದೆ, ತಮ್ಮ ಬಾಲರಾಜುವಿನೊಳಗೆ, ಕೊಟ್ಟು ಹನ್ನೊಂದು ವರ್ಷವಾಯಿತು, ಆಗ ಅವನ ಮುಖ ಊದಿಕೊಂಡು ಕಣ್ಣೇ ಕಾಣುತ್ತಿರಲಿಲ್ಲ, ಯೋಚನೆಯನ್ನೇ ಮಾಡದೆ ಕೊಟ್ಟೆ, ಯೋಚಿಸಬೇಕಿತ್ತಾ, ಥೂ, ಎಂಥ ಬುದ್ಧಿ ನನ್ನದು.

ಮೇಡಂ ಹೊಟ್ಟೆಯ ಹಳೆ ಹೊಲಿಗೆ ಒತ್ತಿ ನೋಡುತ್ತಾರೆ, ಅವತ್ತು ಕೊಯ್ದಿದ್ದಕ್ಕೆ ಒಳಗೆ ಕರುಳು ಅಂಟ್ಕೊಂಡಿರಬಹುದು, ಅದಕ್ಕೇ ಬೆನ್ನು ಅಂದೆ, ಕಿಡ್ನಿಗೆ ಹೋಗೋ ರಕ್ತ ನಿಲ್ಸಿ ಕೊಯ್ಬೇಕು, ಇಪ್ಪತ್ತೈದು ನಿಮಿಷದೊಳಗೆ ಮುಗಿಸಬೇಕು, ಮುಗಿಯದಿದ್ದರೆ ರಕ್ತವಿಲ್ಲದೆ ಉಳಿದದ್ದೂ ಸಾಯುತ್ತದಂತೆ, ಬಾಲರಾಜು ಕೆಳಹೊಟ್ಟೆಯ ಮೇಲೆ ಕೈ ಒತ್ತಿಕೊಂಡು ಕೇಳುತ್ತಾನೆ, ನನ್ನೊಳಗಿರೋದನ್ನ ತೆಗೆದು ಅಕ್ಕಂಗೇ ವಾಪಸ್ ಹಾಕಾಕೆ ಬರ್ತೈತಾ ಮೇಡಂ, ಲೇ, ಕೊಟ್ಟಿದ್ದನ್ನ ಇಸ್ಕಂತಾರೇನೋ, ಬೈದೆ ನಾನು, ಬೈದ ಮೇಲೆ ಅಳು ಬಂತು, ಬೆನ್ನ ಕಡೆಯಿಂದಲೇ ಮಾಡ್ರಿ ಮೇಡಂ ಅಂದೆ, ತಿಳಿದು ಅಂದೆನೋ, ಅವನ ಬಾಯಿ ಮುಚ್ಚಿಸಲು ಅಂದೆನೋ — ಆಪರೇಶನ್ ಕೋಣೆಯ ಮೇಜಿನ ಮೇಲೆ ಮಲಗಿಸುತ್ತಾರೆ, ಬೆಳಕು ಕಣ್ಣಿಗೆ ಚುಚ್ಚುತ್ತದೆ, ಉಸಿರು ಎಳ್ಕಳ್ರಿ, ಎಳೆದುಕೊಂಡೆ, ಆಮೇಲೆ ಏನೂ ಇಲ್ಲ.

ಯಾರೋ ಕೆನ್ನೆ ತಟ್ಟುತ್ತಾರೆ, ಹುಲಿಗೆಮ್ಮ, ಹತ್ತೊಂಬತ್ತು ನಿಮಿಷಕ್ಕೆ ಮುಗೀತು, ಕಿಡ್ನಿ ಕೆಲಸ ಮಾಡ್ತೈತೆ, ಮೂತ್ರ ಬರ್ತೈತೆ, ಯಾರ ಮೂತ್ರ, ಎಲ್ಲಿಗೆ ಬರುತ್ತಿದೆ, ಅಂಗನವಾಡಿಗೆ ಹೊತ್ತಾಯಿತೇ, ಬೆನ್ನು ಉರಿಯುತ್ತದೆಯೋ ಹೊಟ್ಟೆಯೋ, ಬಾಗಿಲಿನ ಗಾಜಿನಾಚೆ ಬಾಲರಾಜು, ಒಳಗೆ ಬಿಟ್ಟಿಲ್ಲ ಅವನನ್ನು, ತುಟಿ ಆಡುತ್ತಿದೆ, ಕೇಳಿಸುತ್ತಿಲ್ಲ, ಕಾಣುವುದು ಅವನ ಕೈ ಮಾತ್ರ, ಅಂಗಿಯ ಮೇಲೆ, ನಾನು ಕೊಟ್ಟದ್ದು ಇರುವ ಜಾಗದಲ್ಲಿ ಒತ್ತಿ ಹಿಡಿದ ಕೈ, ಆ ಕೈ —