ಕೆರೆಯಂಚಿನ ಬೂದುನೆಲ

ಬಸ್ ನಿಲ್ದಾಣದ ಎದುರು ಪುಟ್ಟ ಫೋಟೋ ಅಂಗಡಿ ಇಟ್ಟುಕೊಂಡಿದ್ದ ಅವಳನ್ನು ಬೀದಿಯವರೆಲ್ಲ ಸ್ಟುಡಿಯೋ ಅಕ್ಕ ಎನ್ನುತ್ತಿದ್ದರು. "ಗದ್ದ ಸ್ವಲ್ಪ ಕೆಳಗೆ, ಕಣ್ಣು ಮಿಟುಕಿಸಬೇಡಿ" ಎಂದು ಹೇಳಿ ಹೇಳಿ ಅವಳಿಗೆ ಮನುಷ್ಯರ ಮುಖವೇ ಸಾಕಾಗಿತ್ತು. ಭಾನುವಾರ ಬೆಳಕು ಹರಿಯುತ್ತಲೇ ಊರಾಚೆಯ ಕೆರೆಗೆ ಹೋಗಿ ಕಾಡುಬಾತುಗಳ ಫೋಟೋಗಾಗಿ ಕಾಯುತ್ತಿದ್ದಳು. ಅವೋ ಮಹಾ ಪುಕ್ಕಲು. ಯಾರಾದರೂ ಕೆಮ್ಮಿದರೆ ಸಾಕು, ಆಚೆ ದಡ ಸೇರುತ್ತಿದ್ದವು. ಮೂರು ವಾರದಲ್ಲಿ ಅವಳಿಗೆ ಸಿಕ್ಕಿದ್ದು ಬರೀ ಬಾಲಗಳು.

ಆ ಭಾನುವಾರ ಮೈದುನ ತನ್ನ ವ್ಯಾನಿನಲ್ಲಿ ಕರೆತಂದಿದ್ದ. ಮನೆಗಳಿಗೆ ಬಣ್ಣ ಬಳಿಯುವುದು ಅವನ ಕೆಲಸ.

"ನೀನು ಇಲ್ಲೇ ಕೂತಿರು. ಗಾಜು ಇಳಿಸ್ಬೇಡ. ನಾನು ಬರೋವರೆಗೂ ಉಸಿರೆತ್ತೋ ಹಾಗಿಲ್ಲ."

"ಅಷ್ಟು ಹೊತ್ತು ಉಸಿರಿಲ್ದೆ ಇರೋದಾ ಅತ್ತಿಗೆ? ಮೊದಲೇ ಹೇಳಿದ್ರೆ ಅಣ್ಣನಿಗೆ ಒಂದು ಮಾತು ಹೇಳಿ ಬರ್ತಿದ್ದೆ!"

ನಗು ತಡೆದುಕೊಂಡು ಅವಳು ಕ್ಯಾಮೆರಾ ಹಿಡಿದು ಜೊಂಡಿನೊಳಗೆ ನುಸುಳಿದಳು. ಬಾತುಗಳು ಇಪ್ಪತ್ತು ಮಾರು ದೂರದಲ್ಲಿ, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ ತೇಲುತ್ತಿದ್ದವು. ಒಂದು ಮಾತ್ರ ಎಚ್ಚರವಾಗಿತ್ತು. ನೀರು ಹಿಂದೆ ಸರಿದಿದ್ದರಿಂದ ನಡುವೆ ಬೂದುಬಣ್ಣದ ನೆಲ ತೆರೆದುಕೊಂಡಿತ್ತು. ಒಣಗಿ ಬಿರುಕು ಬಿಟ್ಟಂತೆ ಕಾಣುತ್ತಿತ್ತು. ಇನ್ನೂ ನಾಲ್ಕು ಹೆಜ್ಜೆ ಹತ್ತಿರ ಹೋದರೆ ಸಾಕು ಅನ್ನಿಸಿತು.

ಮೂರನೆಯ ಹೆಜ್ಜೆಗೆ ನೆಲ ಹಪ್ಪಳದಂತೆ ಮುರಿಯಿತು.

ಮೊಣಕಾಲವರೆಗೆ ಹೂತಾಗ ಅವಳಿಗೆ ಬಂದದ್ದು ಸಿಟ್ಟು. ಎಡಗಾಲು ಎಳೆದಳು, ಬಲಗಾಲು ಇನ್ನಷ್ಟು ಇಳಿಯಿತು. ಬಲಗಾಲು ಎಳೆದಳು, ತೊಡೆಯವರೆಗೆ ಹೋಯಿತು. ಕೆಸರು ತಣ್ಣಗಿತ್ತು, ಕಾಲನ್ನು ಯಾರೋ ಹಿಡಿದು ಚೀಪುತ್ತಿರುವ ಹಾಗಿತ್ತು. ಆಗಲೂ ಅವಳು ಕೂಗಲಿಲ್ಲ. ಬಾತುಗಳು ಹಾರಿಹೋಗುತ್ತವಲ್ಲ ಎಂಬ ಯೋಚನೆ! ಕೆಸರು ಸೊಂಟ ಮುಟ್ಟಿದಾಗ ಆ ಯೋಚನೆ ಎತ್ತಲೋ ಹೋಯಿತು. ಈಗ ಕೂಗಲು ಬಾಯಿ ತೆರೆದಳು, ಗಾಳಿ ಮಾತ್ರ ಬಂತು. ಒಂದೊಂದು ಉಸಿರಿಗೂ ಕೂದಲೆಳೆಯಷ್ಟು ಕೆಳಗಿಳಿಯುತ್ತಿದ್ದೇನೆ ಅನ್ನಿಸಿತು.

ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದೇ ಇನ್ನೊಂದು ಕೈಯಿಂದ ಕೆಸರನ್ನು ಪಟಪಟ ಬಡಿದಳು. ಬಾತುಗಳೆಲ್ಲ ಒಮ್ಮೆಲೇ ಎದ್ದು ವ್ಯಾನಿನ ಮೇಲೆಯೇ ಹಾರಿಹೋದವು.

ಮೈದುನನಿಗೆ ಅನುಮಾನ ಬಂದದ್ದು ಆಗಲೇ. ಅತ್ತಿಗೆ ಬಾತುಗಳನ್ನು ತಾನಾಗಿ ಎಬ್ಬಿಸುವವಳಲ್ಲ. ಓಡಿಬಂದು ಜೊಂಡು ಸರಿಸಿದ. ಅವಳನ್ನು ಕಂಡದ್ದೇ ಕೆಸರಿಗೆ ಕಾಲಿಡಲು ಹೊರಟ.

"ಬರ್ಬೇಡ! ಅಲ್ಲೇ ನಿಲ್ಲು!" ಈಗ ಅವಳಿಗೆ ದನಿ ಬಂದಿತ್ತು.

ಅವನು ಒಂದು ಕ್ಷಣ ನಿಂತ. ಆಮೇಲೆ ತಿರುಗಿ ಓಡಿದ.

"ಲೋ, ಎಲ್ಲಿಗೋ? ನನ್ನ ಬಿಟ್ಟು ಹೋಗ್ಬೇಡ್ವೋ!"

ಜೊಂಡು ಅಲುಗಾಡಿ ಸುಮ್ಮನಾಯಿತು. ಆ ಎರಡು ನಿಮಿಷ ಅವಳ ಪಾಲಿಗೆ ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು. ಶಾಲೆಗೆ ಹೋಗುವ ಮಗಳಿಗೆ ನಾಳೆ ಜಡೆ ಹಾಕುವವರು ಯಾರು ಎಂದು ಯೋಚಿಸಿದಳು. ಬೇರೇನೂ ತಲೆಗೆ ಬರಲಿಲ್ಲ.

ಅವನು ಬಂದದ್ದು ಬಣ್ಣ ಬಳಿಯುವ ಏಣಿ ಹೊತ್ತುಕೊಂಡು. ಅದನ್ನು ಕೆಸರಿನ ಮೇಲೆ ಅಡ್ಡ ಚಾಚಿ, ಹೊಟ್ಟೆಯ ಮೇಲೆ ತೆವಳುತ್ತ ಬಂದ.

"ನಿಂತ್ಕೊಂಡು ಎಳೀಬೇಡಿ. ಹಿಂದಕ್ಕೆ ಒರಗಿ, ಹಾಸಿಗೆ ಮೇಲೆ ಮಲಗಿದ ಹಾಗೆ. ಕ್ಯಾಮೆರಾ ಬಿಡಿ."

"ಬೆರಳು ಬಿಚ್ಚೋಕೆ ಆಗ್ತಿಲ್ಲ ಕಣೋ."

ಅವನೇ ಒಂದೊಂದಾಗಿ ಬೆರಳು ಬಿಡಿಸಿದ. ಕ್ಯಾಮೆರಾ ಗುಳುಕ್ಕನೆ ಮುಳುಗಿತು. ಮಲಗುವುದೆಂದರೆ ಮುಖಕ್ಕೇ ಕೆಸರನ್ನು ಕರೆದ ಹಾಗೆ ಅನ್ನಿಸಿ ಅವಳು ಮೊದಲು ಒಪ್ಪಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ಏಣಿಯ ಕಡೆ ಒರಗಿದಳು. ಅವನು ಕಂಕುಳಿಗೆ ಕೈಹಾಕಿ ಮೆಲ್ಲಗೆ ಎಳೆದ. ಒಂದು ಕಾಲು ಬಂತು, ಚಪ್ಪಲಿ ಬರಲಿಲ್ಲ. ಇನ್ನೊಂದು ಕಾಲು ಬರುವಷ್ಟರಲ್ಲಿ ಬಿಸಿಲು ಏರಿತ್ತು.

ದಡದ ಮೇಲೆ ಇಬ್ಬರೂ ಕೂತರು. ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಅವನ ಮೊಣಕೈಯಿಂದ ರಕ್ತ ಸೋರುತ್ತಿತ್ತು.

ಮಾರನೆಯ ದಿನ ಅವನು ಆ ಜಾಗದಲ್ಲಿ ಸಾಲಾಗಿ ಗೂಟ ನೆಟ್ಟು ಕೆಂಪು ಬಣ್ಣ ಬಳಿದು ಬಂದ. ಅವಳಿಗೆ ಮಾತ್ರ ಬಚ್ಚಲಿನ ಒದ್ದೆ ನೆಲವೂ ನಂಬಿಕೆಯದಾಗಿ ಉಳಿಯಲಿಲ್ಲ. ಗೋಡೆ ಹಿಡಿದೇ ಕಾಲಿಡುತ್ತಿದ್ದಳು. ಎರಡು ತಿಂಗಳ ನಂತರ ಮೈದುನನ ವ್ಯಾನಿನಲ್ಲಿ ಕೆರೆಯವರೆಗೆ ಹೋದಳು. ಗೂಟಗಳಾಚೆ ಬಾತುಗಳು ತೇಲುತ್ತಿದ್ದವು. ವ್ಯಾನಿನ ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು, ನೆಲ ನೋಡಿದಳು. ಇಳಿಯಲಿಲ್ಲ.