ಹತ್ತು ಗಜದ ಸರಪಳಿ

ಈ ಕಥೆ ಹೇಳುವುದಕ್ಕೆ ಮೊದಲು ಕ್ಷಮೆ ಕೇಳಬೇಕು. ಒಂದು ದಿನವೂ ಮೈದಾನಕ್ಕೆ ಇಳಿಯದವರು ಆಟದ ಸುದ್ದಿ ಎತ್ತುವುದೇ ಅಧಿಕಪ್ರಸಂಗ. ಅದರಲ್ಲೂ ಇನ್ನೊಬ್ಬ ಮನುಷ್ಯ ತಲೆ ತಗ್ಗಿಸಿದ ಗಳಿಗೆಯನ್ನು ಹತ್ತು ಜನರ ಮುಂದೆ ಇಡುವುದು ಸರಿಯೋ ಎಂಬ ಅಳುಕು ಇನ್ನೂ ಹೋಗಿಲ್ಲ. ಆ ಮನುಷ್ಯ, ಆರ್ಡೆನ್ ವಾವ್ರಾ, ಬೇಡ ಅನ್ನಲಿಲ್ಲ. ಹೇಳು ಅಂತಲೂ ಅನ್ನಲಿಲ್ಲ. ಬಗ್ಗಿಸಿದ ಬೆನ್ನು ಎತ್ತದೆ, ಟೈರು ಬಿಚ್ಚುತ್ತಲೇ, "ಇದ್ದದ್ದನ್ನ ಇದ್ದಂಗೆ ಹೇಳಿದ್ರೆ ಸಾಕು" ಅಂದ. ಅಷ್ಟಾದರೂ ನನ್ನ ಕೈಯಲ್ಲಿ ಆದೀತೆಂದು ಆಸೆ.

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಟೇಬರ್ ಕ್ರೀಕ್ ಊರಿನಲ್ಲಿ ಶುಕ್ರವಾರ ಸಂಜೆ ಹೈಸ್ಕೂಲು ಹುಡುಗರ ಫುಟ್‌ಬಾಲ್ ಇದ್ದರೆ ಅಂಗಡಿಗಳ ಬಾಗಿಲು ಬೇಗ ಬೀಳುತ್ತದೆ. ಮೆಕ್ಕೆಜೋಳ ಕೊಯ್ಯುವವರು ಯಂತ್ರವನ್ನು ಹೊಲದಲ್ಲೇ ನಿಲ್ಲಿಸಿ ಬರುತ್ತಾರೆ. ಚೆಂಡನ್ನು ಕಾಲಲ್ಲಿ ಒದೆಯುವ ಆಟವಲ್ಲ ಅದು, ಎದೆಗವಚಿಕೊಂಡು ಎದುರಾಳಿಗಳ ಗೋಡೆಗೆ ನುಗ್ಗುವ ಆಟ. ನಾಲ್ಕು ಸಲ ನುಗ್ಗುವುದರೊಳಗೆ ಹತ್ತು ಗಜ ದಾಟಬೇಕು. ದಾಟಿತೋ ಇಲ್ಲವೋ ಎಂದು ಅನುಮಾನ ಬಂದಾಗ ಪಕ್ಕದ ಗೆರೆಯಿಂದ ಸರಪಳಿ ಬರುತ್ತದೆ. ಅದರ ಎರಡು ತುದಿಗೂ ಒಂದೊಂದು ಕೋಲು, ನಡುವೆ ಸರಿಯಾಗಿ ಹತ್ತು ಗಜ. ಹಿಂದಿನ ಕೋಲು ಹೊರಟ ಜಾಗದಲ್ಲಿ, ಚೆಂಡು ಮುಟ್ಟಬೇಕಾದದ್ದು ಮುಂದಿನ ಕೋಲನ್ನು. ಆ ಕೋಲು ಹಿಡಿಯುವವರು ಊರಿನವರೇ. ಸಂಬಳವಿಲ್ಲ. ಇರುವ ಕಟ್ಟಳೆ ಒಂದೇ: ಕೋಲು ಕೈಯಲ್ಲಿರುವ ತನಕ ಯಾರ ಪರವಾಗಿಯೂ ಕೂಗಬಾರದು, ಕೈ ತಟ್ಟಬಾರದು.

ಮುಖ್ಯ ಬೀದಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದ ಆರ್ಡೆನ್ ತನ್ನ ಯೌವನದಿಂದಲೂ ಮುಂದಿನ ಕೋಲಿನವನು. ಒಮ್ಮೆ ಪಕ್ಕದ ಜಿಲ್ಲೆಯ ಶಾಲೆಯ ಮೇಲೆ ನಿರ್ಣಾಯಕ ಪಂದ್ಯ. ಕೊನೆಯ ನುಗ್ಗು. ಸರಪಳಿ ಎಳೆದು ಹಿಡಿದರೆ ಚೆಂಡಿನ ಮೂತಿ ಕೋಲಿಗಿಂತ ಒಂದು ಬೆರಳು ಹಿಂದೆ ನಿಂತಿತು. ಕೋಲನ್ನು ಒಂದಿಷ್ಟು ವಾಲಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆರ್ಡೆನ್ ವಾಲಿಸಲಿಲ್ಲ. ಊರು ಸೋತಿತು. ಅವನೊಡನೆ ಕೆಲವು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಬರ್ನಡೀನ್ ತನ್ನ ಹೋಟೆಲಿನಲ್ಲಿ ಅವನಿಗೆ ರಾಜ್ಮಾದ ಖಾರದ ಸಾರಿನ ಜೊತೆ ನಿನ್ನೆಯ ತಂಗಳು ದಾಲ್ಚಿನ್ನಿ ರೋಲ್ ಇಟ್ಟಳು. ಆಮೇಲೆ ಹೇಗೋ ಅದೇ ಊರಿನ ಹೆಮ್ಮೆಯಾಯಿತು. ಹೊಲದ ಬೇಲಿಯ ಜಗಳವಿದ್ದರೂ, ಕುದುರೆಯ ವಯಸ್ಸಿನ ತಕರಾರಿದ್ದರೂ, "ಆರ್ಡೆನ್ನನ್ನ ಕೇಳು, ಅವನು ವಾಲಿಸಲ್ಲ" ಅನ್ನುವರು. ಹೋಟೆಲಿನ ಮುದುಕರು ಮಾತ್ರ, "ಅವನು ಹೆಂಡ್ತಿ ಕತ್ತರಿಸಿದ ಕೇಕಿಗೂ ಅಳತೆಪಟ್ಟಿ ಹಿಡೀತಾನೆ ಕಣ್ರೋ" ಎಂದು ನಗುತ್ತಿದ್ದರು. ಆರ್ಡೆನ್ನನಿಗೆ ಆ ನಗು ಹಿತವಾಗಿತ್ತು.

ಟೋಬಿನ್ ರೆಜ್ನಿಚೆಕ್ ಆ ಊರು ವರ್ಷಗಟ್ಟಲೆ ಕಾದಿದ್ದ ಹುಡುಗ. ಎದುರಾಳಿಗಳನ್ನು ತಡೆಯುವ ಗೋಡೆಯಲ್ಲಿ ನಿಂತು ಆಡುವವನು. ಮೈ ದೊಡ್ಡದು, ಕಾಲು ಹಗುರ. ತಂದೆ ಎಂದೋ ಬಿಟ್ಟುಹೋಗಿದ್ದ. ತಾಯಿ ಲವೋನ್ ವೃದ್ಧಾಶ್ರಮದಲ್ಲಿ ದಾದಿ, ಆರ್ಡೆನ್ನನ ಜೊತೆಯಲ್ಲಿ ಶಾಲೆ ಕಲಿತವಳು. ಕಾಲೇಜು ಪೂರ್ತಿ ಖರ್ಚು ಕೊಟ್ಟು ಕರೆದುಕೊಂಡರೆ ಮಾತ್ರ ಟೋಬಿನ್‌ಗೆ ಮುಂದಿನ ಓದು. ಇದು ಎಲ್ಲರಿಗೂ ಗೊತ್ತಿತ್ತು.

ಆದರೆ ಊರಿಗೆ ಇನ್ನೊಂದು ಹುಚ್ಚಿತ್ತು. ರಾಜ್ಯದ ವಿಶ್ವವಿದ್ಯಾಲಯದ ಕೆಂಪಂಗಿ. ಅಲ್ಲಿಯ ತಂಡ ಖರ್ಚು ಕೊಡದೆ ಸುಮ್ಮನೆ ಬಾ ಅಂದರೂ ಹುಡುಗರು ಹೋಗುತ್ತಾರೆ. ಬೇರೆ ರಾಜ್ಯದ ಕಾಲೇಜು ಪೂರ್ತಿ ಓದಿಸುತ್ತೇನೆ ಅಂದದ್ದನ್ನು ಬಿಟ್ಟು, ಮನೆಯ ದುಡ್ಡಿನಲ್ಲಿ ಕೆಂಪಂಗಿ ತೊಡುತ್ತಾರೆ. ಅಂಥವರನ್ನು ವಾಕ್-ಆನ್ ಅನ್ನುತ್ತಾರೆ. ಬೇರೆ ಕಡೆಯವರಿಗೆ ಅದು ಪೆದ್ದುತನ. ಟೇಬರ್ ಕ್ರೀಕ್‌ನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿರಲಿಲ್ಲ. ಆ ಊರಿನಿಂದ ಕೆಂಪಂಗಿ ತೊಟ್ಟ ಹುಡುಗ ಬರ್ನಡೀನಳ ಗೋಡೆಯ ಮೇಲಿನ ಹಳೆಯ ಕಪ್ಪುಬಿಳುಪು ಫೋಟೋದಲ್ಲಿ ಮಾತ್ರ ಉಳಿದಿದ್ದ.

ಆ ಶರತ್ಕಾಲದಲ್ಲಿ ತಾಯಿಯ ಕಾರಿಗೆ ಟೈರು ಹಾಕಿಸಲು ಬಂದಾಗ ಟೋಬಿನ್ ಒಂದು ಗುಟ್ಟು ಹೇಳಿದ. ಎರಡು ರಾಜ್ಯ ದಾಟಿ, ಬೆಟ್ಟಗಳ ನಡುವೆ ಇರುವ ಒಂದು ಕಾಲೇಜು ಅವನನ್ನು ನೋಡುತ್ತಿದೆ, ಪೂರ್ತಿ ಖರ್ಚು ಅವರದೇ. ಅಲ್ಲಿಗೇ ಹೋಗಬೇಕೆಂದು ಮನಸ್ಸು. ಸೇತುವೆ ಕಟ್ಟುವ ವಿದ್ಯೆ ಕಲಿಯಬಹುದಂತೆ. ಊರವರಿಗೆ ಈಗಲೇ ಹೇಳಬೇಡಿ, ಬೇಜಾರು ಮಾಡ್ಕೋತಾರೆ ಎಂದು ನಕ್ಕ. ಆರ್ಡೆನ್ ಒಳ್ಳೇದು ಕಣೋ ಅಂದ. ಅಂದದ್ದೇನೋ ನಿಜ. ಬರ್ನಡೀನಳ ಗೋಡೆ ನೆನಪಾದದ್ದೂ ನಿಜ.

ಕೆಲವೇ ದಿನಗಳಲ್ಲಿ ಆ ಕಾಲೇಜಿನ ಕೋಚ್ ಊರಿಗೆ ಬಂದ. ಹ್ಯಾಲೋರನ್ ಎಂಬ ತರುಣ. ಹುಡುಗರನ್ನು ಆರಿಸಲು ಬರುವವರು ಆಟವನ್ನು ಮಾತ್ರ ನೋಡುವುದಿಲ್ಲ. ಶಾಲೆಯಲ್ಲಿ ಕಸ ಗುಡಿಸುವವರನ್ನು, ಅಡುಗೆಯವರನ್ನು, ಬೀದಿಯ ಅಂಗಡಿಯವರನ್ನು ಕೇಳುತ್ತಾರೆ, ಹುಡುಗ ಹೇಗೆ ಎಂದು. ಬರ್ನಡೀನ್ ಅವನಿಗೆ ಎದುರಿನ ಟೈರಿನ ಅಂಗಡಿ ತೋರಿಸಿ, ಆರ್ಡೆನ್ ಹೇಳಿದ್ದೇ ನಿಜ ಅಂದಳಂತೆ.

ಹ್ಯಾಲೋರನ್ ಹುಡುಗನ ಗುಣದ ಬಗ್ಗೆ ಕೇಳಿದ. ಆರ್ಡೆನ್ ಚಿನ್ನದಂಥವನು ಅಂದ. ಅಲ್ಲಿಗೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೋಚ್ ಹೊರಟವನು ಬಾಗಿಲಲ್ಲಿ ತಿರುಗಿ ನಿಂತ.

"ಇನ್ನೊಂದು ಮಾತು ಸರ್. ನಮ್ಮ ಹತ್ರ ಇರೋದು ಒಂದೇ ಸೀಟು. ಈ ರಾಜ್ಯದ ಹುಡುಗ್ರು ನಮಗೆ ಕೈ ಕೊಟ್ಟಿದಾರೆ. ಬರ್ತೀನಿ ಬರ್ತೀನಿ ಅಂತಾರೆ, ಕೊನೇಲಿ ಕೆಂಪಂಗಿ ಕರೀತು ಅಂತ ಕೈಯಿಂದ ದುಡ್ಡು ಹಾಕ್ಕೊಂಡು ಆ ಕಡೆ ಹೋಗ್ಬಿಡ್ತಾರೆ. ಇವನೂ ಹಂಗೇನಾ?"

ಆರ್ಡೆನ್ನನ ಕಣ್ಣ ಮುಂದೆ ಗೋಡೆಯ ಮೇಲೊಂದು ಹೊಸ ಫೋಟೋ ಬಂತು, ಬಣ್ಣದ್ದು. ದೊಡ್ಡ ಮೈದಾನದಲ್ಲಿ ಕೂತು ಪಕ್ಕದವನಿಗೆ, ನೋಡು, ಅವನು ನಮ್ಮೂರ ಹುಡುಗ ಅನ್ನುವ ತನ್ನ ದನಿಯೂ ಕೇಳಿಸಿತು.

"ಅವನು ನೆಬ್ರಾಸ್ಕಾದ ಹುಡುಗ" ಅಂದ. "ಅಂಬೆಗಾಲು ಬಿಟ್ಟಾಗಿಂದ ಕೆಂಪಂಗಿ ಹಾಕ್ಕೊಂಡೇ ಮಲಗಿದೋನು. ಕೆಂಪು ಕರೆದ್ರೆ ಇನ್ನೇನ್ ಮಾಡ್ತಾನೆ, ನೀವೇ ಹೇಳಿ."

ಹ್ಯಾಲೋರನ್ ಥ್ಯಾಂಕ್ಸ್ ಹೇಳಿ ಕಾರು ಹತ್ತಿದ. ಬೆಟ್ಟದ ಕಾಲೇಜಿನಿಂದ ಮತ್ತೆ ಟೋಬಿನ್‌ಗೆ ಕರೆ ಬರಲಿಲ್ಲ. ಚಳಿಗಾಲದ ಹೊತ್ತಿಗೆ ಆ ಸೀಟು ಬೇರೆ ರಾಜ್ಯದ ಹುಡುಗನಿಗೆ ಹೋಯಿತೆಂದು ತಿಳಿಯಿತು. ಕೆಂಪಂಗಿಯವರು ಬಾ ಅಂದರು, ಖರ್ಚು ನಿನ್ನದು ಅಂದರು. ಅವರು ಎಲ್ಲರಿಗೂ ಹೇಳುವಂತೆಯೇ, ಮುಚ್ಚುಮರೆಯಿಲ್ಲದೆ ಹೇಳಿದರು. ಬೇರೆ ದಾರಿಯಿಲ್ಲದೆ, ತಾಯಿಯ ದುಡಿಮೆಯನ್ನು ನಂಬಿ ಟೋಬಿನ್ ಒಪ್ಪಿದ.

ಊರು ಹಬ್ಬ ಮಾಡಿತು. ಶಾಲೆಯ ಸಭಾಂಗಣದಲ್ಲಿ ಮೇಜು ಹಾಕಿ ಕೆಂಪು ಟೋಪಿ ಇಟ್ಟರು. ಬರ್ನಡೀನ್ ಕೇಕು ತಂದಳು. ಟೋಬಿನ್ ಟೋಪಿ ಹಾಕಿಕೊಂಡಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಆರ್ಡೆನ್. ಲವೋನ್ ನಗುತ್ತಲೇ ಇದ್ದಳು. ತಟ್ಟೆಯ ಕೇಕು ಮಾತ್ರ ಹಾಗೇ ಉಳಿಯಿತು. ಆ ತಟ್ಟೆಯನ್ನು ನೋಡುತ್ತಿದ್ದ ಆರ್ಡೆನ್‌ಗೆ ತಾನು ಆಡಿದ ಮಾತಿನ ಅಳುಕು ಅಲ್ಲಿಂದ ಶುರುವಾಯಿತು.

ಆದದ್ದನ್ನು ಉದ್ದ ಮಾಡುವುದಿಲ್ಲ. ಟೋಬಿನ್ ದೊಡ್ಡ ತಂಡದಲ್ಲಿ ಅಭ್ಯಾಸದ ಗೋಡೆಯಾದ. ಪಂದ್ಯದ ದಿನ ಬೆಂಚಿನಲ್ಲಿ ಕೂತ. ತಾಯಿ ಎರಡು ಪಾಳಿ ದುಡಿದರೂ ಸಾಲದಾಯಿತು. ಎರಡನೆಯ ವರ್ಷ ಮುಗಿಯುವ ಮೊದಲೇ ಊರಿಗೆ ಬಂದು ಧಾನ್ಯದ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ. ಯಾರೂ ಏನೂ ಅನ್ನಲಿಲ್ಲ. ಕೆಂಪಂಗಿ ತೊಟ್ಟವನು ಎಂಬ ಗೌರವವಂತೂ ಇತ್ತು. ಬಣ್ಣದ ಫೋಟೋ ಬರ್ನಡೀನಳ ಗೋಡೆಗೆ ಏರಿತ್ತು, ಆರ್ಡೆನ್ನನ ಮಾಮೂಲಿ ಕುರ್ಚಿಗೆ ಸರಿಯಾಗಿ ಎದುರು. ಅವನು ಕುರ್ಚಿ ಬದಲಿಸಿದ. ಮುದುಕರು ಬಿಡಲಿಲ್ಲ. "ಯಾಕೋ ಆರ್ಡೆನ್, ಕುರ್ಚೀಲಿ ಮುಳ್ಳು ಹುಟ್ತಾ?" ಎಂದರು. ಸೆಕೆ ಅಂದ. ಹೊರಗೆ ಹಿಮ ಬೀಳುತ್ತಿತ್ತು.

ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂದು ತನಗೆ ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದ. ಮಗು ಕೆಂಪಂಗಿಯಲ್ಲಿ ಮಲಗುತ್ತಿದ್ದದ್ದು ನಿಜ. ನೆಬ್ರಾಸ್ಕಾದವನು ಎಂಬುದು ನಿಜ. ಆದರೆ ಇಷ್ಟು ವರ್ಷ ಕೋಲು ಹಿಡಿದವನಿಗೆ ಗೊತ್ತಿತ್ತು, ವಾಲಿಸಲು ಕೋಲನ್ನು ನೆಲದಿಂದ ಕೀಳಬೇಕಾಗಿಲ್ಲ.

ಮರುವರ್ಷ ಹಿಂದಿನ ಕೋಲು ಹಿಡಿಯುತ್ತಿದ್ದ ಲೀಲಂಡ್‌ಗೆ ಮಂಡಿನೋವು ಹೆಚ್ಚಾಯಿತು. ಅವನ ಜಾಗಕ್ಕೆ ಬರುತ್ತೀಯಾ ಎಂದು ಶಾಲೆಯವರು ಟೋಬಿನ್ನನ್ನು ಕೇಳಿದರು. ವಾವ್ರಾ ಅವರ ಜೊತೆ ಅಂದರೆ ಬರುತ್ತೇನೆ ಅಂದನಂತೆ. ಅದನ್ನು ಕೇಳಿದ ದಿನ ಆರ್ಡೆನ್ ಊಟ ಮಾಡಲಿಲ್ಲ.

ಮೊದಲ ಪಂದ್ಯಕ್ಕೆ ಮುಂಚೆ ಸರಪಳಿಯ ಅಳತೆ ನೋಡಬೇಕು, ಪ್ರತಿ ವರ್ಷದ ಪದ್ಧತಿ. ಒಂದು ಮಧ್ಯಾಹ್ನ ಅಂಗಡಿಯ ನೆಲದ ಮೇಲೆ ಇಬ್ಬರೂ ಸರಪಳಿ ಎಳೆದು, ಪಕ್ಕಕ್ಕೆ ಅಳತೆಪಟ್ಟಿ ಬಿಟ್ಟರು. ಒಂದು ಕೊಂಡಿ ಬಾಯಿ ಬಿಟ್ಟಿತ್ತು. ಟೋಬಿನ್ ಮಂಡಿಯೂರಿ ಅದನ್ನು ಇಕ್ಕಳದಿಂದ ಅಮುಕುತ್ತಿದ್ದ. ಆ ತುದಿಯಲ್ಲಿ ನಿಂತ ಆರ್ಡೆನ್‌ಗೆ ಹತ್ತು ಗಜ ಇಷ್ಟು ದೂರವೆಂದು ಅಂದೇ ತಿಳಿದದ್ದು. ಹೇಳಿಬಿಟ್ಟ. ಹ್ಯಾಲೋರನ್ ಕೇಳಿದ್ದು, ತಾನು ಹೇಳಿದ್ದು, ಹೇಳುವಾಗ ಹುಡುಗನ ಮನಸ್ಸು ತನಗೆ ಗೊತ್ತಿದ್ದದ್ದು, ಏನನ್ನೂ ಬಿಡಲಿಲ್ಲ.

ಟೋಬಿನ್ ಕೊಂಡಿಯನ್ನು ಇನ್ನೊಮ್ಮೆ ಅಮುಕಿದ.

"ಅದ್ರಲ್ಲಿ ಸುಳ್ಳೇನಿದೆ ಮಿಸ್ಟರ್ ವಾವ್ರಾ" ಅಂದ. "ಆ ಅಂಗಿ ಹಾಕ್ಕೊಂಡೇ ತಾನೇ ನಾನು ಮಲಗ್ತಿದ್ದಿದ್ದು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ನನಗೇನೂ ಹೇಳ್ಬೇಡಿ" ಎಂದು ಟೋಬಿನ್ ಎದ್ದು ನಿಂತ. ದನಿ ಈಗ ಮೆತ್ತಗಿರಲಿಲ್ಲ. "ಅಮ್ಮನಿಗೆ ಹೇಳಿ. ಅವತ್ತು ಆ ಕೋಚು ಅಮ್ಮನಿಗೂ ಫೋನ್ ಮಾಡಿದ್ರು. ಪಾಳೀಲಿದ್ಲು, ಎತ್ಲಿಲ್ಲ. ತಿರುಗಿ ಮಾಡೋಕೆ ಹೆದರಿಕೊಂಡ್ಲು, ದೊಡ್ಡೋರ ಹತ್ರ ಏನ್ ಮಾತಾಡ್ಲಿ ಅಂತ. ಮಾಡೋ ಹೊತ್ತಿಗೆ ಅವರು ಎತ್ಲಿಲ್ಲ. ತನ್ನಿಂದಲೇ ಹೋಯ್ತು ಅಂತ ಇವತ್ತಿಗೂ ಕೊರಗ್ತಾಳೆ. ಹೋಗಿ ಹೇಳಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆರ್ಡೆನ್ನನ ಮಾತು ಹೋಗಿರಲೇ ಇಲ್ಲ. ಇನ್ನೊಬ್ಬಳ ಮನೆಯಲ್ಲಿ, ಅವಳ ತಪ್ಪಿನ ವೇಷ ಹಾಕಿಕೊಂಡು ಕೂತಿತ್ತು.

ಮಾರನೆಯ ದಿನ ವೃದ್ಧಾಶ್ರಮದ ಹಿಂಬದಿಯ ಜಾಗದಲ್ಲಿ, ಎರಡು ಪಾಳಿಗಳ ನಡುವೆ, ಲವೋನ್ ತನ್ನ ಕಾರಿನಲ್ಲೇ ಕೂತು ಮನೆಯಿಂದ ತಂದ ಬ್ರೆಡ್ಡು ತಿನ್ನುತ್ತಿದ್ದಳು. ಆರ್ಡೆನ್ ಕಿಟಕಿಯ ಹತ್ತಿರ ಬಗ್ಗಿದ. ಅವಳು ಬಾಗಿಲು ತೆಗೆದು ಪಕ್ಕದ ಸೀಟಿನ ಚೀಲ ಎತ್ತಿದಳು. ಅವನು ಕೂರಲಿಲ್ಲ. ನಿಂತೇ ಹೇಳಿದ. ಮುಗಿಯುವ ತನಕ ಅವಳು ಬ್ರೆಡ್ಡನ್ನು ಕೈಯಲ್ಲಿ ಹಿಡಿದೇ ಇದ್ದಳು.

"ನಮ್ಮಪ್ಪ ಸತ್ತಾಗ ಜಮೀನು ಭಾಗ ಮಾಡೋಕೆ ನಿನ್ನೇ ಕರೆಸಿದ್ವಿ" ಅಂದಳು. ಆಮೇಲೆ ಬ್ರೆಡ್ಡನ್ನು ಮಡಿಲಲ್ಲಿಟ್ಟು, "ಈ ಮೂರು ವರ್ಷ ಫೋನ್ ಬಡ್ಕೊಂಡಾಗೆಲ್ಲ ನನ್ನ ಕೈ ನಡುಗುತ್ತೆ ಆರ್ಡೆನ್. ಅದು ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಅಂದ.

"ಹಂಗಾದ್ರೆ ಈಗ ಹೇಳು. ಸೀಟು ಹೋಗಿದ್ದು ನಿನ್ನ ಮಾತಿಂದಲಾ, ನಾನು ಫೋನ್ ಎತ್ತದೇ ಇದ್ದದ್ರಿಂದಲಾ?"

ಅವಳಿಗೆ ಬೇಕಾದದ್ದು ಕ್ಷಮಾಪಣೆಯಲ್ಲ, ಅಳತೆ. ಜೀವನವಿಡೀ ಅದೊಂದನ್ನೇ ಮಾಡಿಕೊಂಡು ಬಂದವನಿಗೆ ಅದನ್ನು ಕೊಡಲಾಗಲಿಲ್ಲ. ನನ್ನಿಂದಲೇ ಅಂದ. "ಸಮಾಧಾನಕ್ಕೆ ಹೇಳ್ಬೇಡ" ಅಂದಳು ಅವಳು. ಆಗ ಅವಳ ಎದುರಿಗೇ ಬೆಟ್ಟದ ಕಾಲೇಜಿಗೆ ಫೋನು ಮಾಡಿದ. ಹ್ಯಾಲೋರನ್ ಕೆಲಸ ಬಿಟ್ಟು ಹೋಗಿದ್ದ. ಮುಖ್ಯ ಕೋಚ್ ಬದಲಾಗಿದ್ದ, ಅವನ ಜೊತೆ ಇದ್ದವರೆಲ್ಲ ಬದಲಾಗಿದ್ದರು. ಫೋನು ಎತ್ತಿದ ಹುಡುಗಿ ಮರ್ಯಾದೆಯಿಂದ, ಯಾವ ಹುಡುಗ ಎಂದಿರಿ, ಹೆಸರು ಇನ್ನೊಮ್ಮೆ ಹೇಳಿ ಅಂದಳು. ಅವನು ಹೇಳಿದ. ಅವಳಿಗೆ ಏನೂ ತಿಳಿದಿರಲಿಲ್ಲ.

ಲವೋನ್ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಟ್ಟಳು. ಪಾಳಿಗೆ ಹೊತ್ತಾಯಿತು ಎಂದು ಇಳಿದಳು. ಹೋಗುವಾಗ ಅವನ ಮುಖ ನೋಡಲಿಲ್ಲ. ಕಾರಿಗೆ ಬೀಗ ಬಿದ್ದಿದೆಯೇ ಎಂದು ಮಾತ್ರ ಎರಡು ಸಲ ತಿರುಗಿ ನೋಡಿದಳು.

ಶುಕ್ರವಾರ ಆರ್ಡೆನ್ ಕೋಲು ಹಿಡಿಯಲಿಲ್ಲ. ಬೆಳಿಗ್ಗೆಯೇ ಬರ್ನಡೀನಳ ಹೋಟೆಲಿಗೆ ಹೋಗಿ, ತನ್ನ ಹಳೆಯ ಕುರ್ಚಿಯಲ್ಲಿ ಫೋಟೋಗೆ ಎದುರಾಗಿ ಕೂತು, ಮುದುಕರ ಮುಂದೆ ಎಲ್ಲವನ್ನೂ ಹೇಳಿದ್ದ. ಅಂದು ಯಾರೂ ಗೇಲಿ ಮಾಡಲಿಲ್ಲ. ಒಬ್ಬ ಮಾತ್ರ ಲೋಟದೊಳಗೆ ನೋಡುತ್ತ, "ನಾನಿದ್ದಿದ್ರೂ ಅದನ್ನೇ ಹೇಳ್ತಿದ್ದೆ" ಅಂದ. ಗೇಲಿಗಿಂತ ಅದೇ ಹೆಚ್ಚು ನೋಯಿಸಿತು. ಸಂಜೆ ಮುಂದಿನ ಕೋಲು ಟೋಬಿನ್ನನ ಕೈಯಲ್ಲಿತ್ತು. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಮೇಲುಸಾಲಿನಲ್ಲಿ ಒಬ್ಬನೇ ಕೂತ ಆರ್ಡೆನ್‌ಗೆ ಈಗ ಕೂಗಲು, ಕೈ ತಟ್ಟಲು ಅಡ್ಡಿಯಿರಲಿಲ್ಲ. ಅವನು ಎರಡನ್ನೂ ಮಾಡಲಿಲ್ಲ.

ಇದಕ್ಕಿಂತ ಹೆಚ್ಚು ನನಗೆ ತಿಳಿಯದು. ಆರ್ಡೆನ್ ಬಾಯಿ ಮುಚ್ಚಿಕೊಂಡಿದ್ದರೆ ಆ ಸೀಟು ಟೋಬಿನ್‌ಗೆ ಸಿಗುತ್ತಿತ್ತೇ, ಹ್ಯಾಲೋರನ್ ಲವೋನ್‌ಗೆ ಫೋನು ಮಾಡಿದ್ದು ಟೈರಿನ ಅಂಗಡಿಗೆ ಬರುವ ಮೊದಲೋ ಆಮೇಲೋ, ಬೆಟ್ಟದ ಕಾಲೇಜಿನವರು ಮೊದಲೇ ಇನ್ನೊಬ್ಬನನ್ನು ಆರಿಸಿಟ್ಟಿದ್ದರೋ, ಕೇಳಲು ಯಾರೂ ಉಳಿದಿಲ್ಲ. ಲವೋನಳ ಕೈ ಈಗಲೂ ನಡುಗುತ್ತದೆಯೇ ಎಂದು ಕೇಳುವ ಧೈರ್ಯ ಆರ್ಡೆನ್‌ಗೆ ಬಂದಿಲ್ಲ. ನನಗೂ ಬರಲಿಲ್ಲ.